ಎರಡು ಹಕಾರದ ನಾಯಿ

ದೇವರು ಪ್ರತಿಯೊಬ್ಬ ಮನುಷ್ಯನನ್ನೂ ಏನಾದರೊಂದು ಕೊರತೆ ಇಟ್ಟೇ ಭೂಮಿಗೆ ಕಳಿಸುತ್ತಾನೆ. ಕೆಲವರಿಗೆ ತಲೆಗೂದಲು ಕಡಿಮೆ, ಕೆಲವರಿಗೆ ತಾಳ್ಮೆ ಕಡಿಮೆ. ನನಗೆ ಕಡಿಮೆಯಾದದ್ದು ಹಕಾರ. ಹೆಬ್ಬಾಳದ ಕೆರೆ ಪಕ್ಕದ ನಮ್ಮ ಕೇರಿಯಲ್ಲಿ ಆ ಅಕ್ಷರವನ್ನು ಯಾರೂ ಬಳಸುತ್ತಿರಲಿಲ್ಲ. ಅದಿಲ್ಲದೆಯೇ ಅಸು ಸಾಕಿ, ಆಲು ಮಾರಿ, ಅಬ್ಬ ಮಾಡಿ ನಮ್ಮ ಹಿರಿಯರು ಸುಖವಾಗಿದ್ದರು. ತೊಂದರೆ ಶುರುವಾದದ್ದು ನಾನು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾದ ಮೇಲೆ. ಮೊದಲ ವಾರವೇ ಮ್ಯಾನೇಜರು ಕರೆಸಿದರು. ನಾನು ಕೈಕಟ್ಟಿ ನಿಂತು ಬಲು ವಿನಯದಿಂದ "ಏಳಿ ಸಾರ್" ಎಂದೆ. ಪಾಪ, ಅವರು ಕುರ್ಚಿಯಿಂದ ಎದ್ದು ನಿಂತರು. ನಾನು ಗಾಬರಿಯಾಗಿ, "ಅಯ್ಯೋ, ಅಂಗಲ್ಲ, ಏಳಿ ಸಾರ್" ಎಂದೆ. ಅವರು ಕುರ್ಚಿಯ ಮೇಲೆ ಹಾವೋ ಚೇಳೋ ಇರಬೇಕೆಂದು ತಿರುಗಿ ನೋಡಿದರು.

ಅಂದಿನಿಂದ ನಮ್ಮ ಹೆಡ್ ಕ್ಲಾರ್ಕ್ ಪದ್ಮನಾಭಯ್ಯನವರು ನನ್ನ ನಾಲಗೆಯ ಕಾವಲಿಗೆ ನಿಂತರು. ಹೆಸರಿನಲ್ಲೇ ಒಂದು ಮಹಾಪ್ರಾಣ ಇಟ್ಟುಕೊಂಡವರು ಬಿಡುತ್ತಾರೆಯೇ? ನಾನು ಸಂಜೆ "ಓಗ್ಬರ್ತೀನಿ ಸಾರ್" ಎಂದರೆ ಸಾಕು, ಇಡೀ ಸೆಕ್ಷನ್ನಿಗೆ ಕೇಳುವಂತೆ, "ಹೋಗ್ಬನ್ನಿ, ಆದ್ರೆ ಹಕಾರ ಮೇಜಿನ ಮೇಲೇ ಬಿಟ್ಟಿದೀರಿ ಕಣ್ರೀ, ಎತ್ಕೊಂಡು ಹೋಗಿ" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಒಳಗೆ ಹೊಟ್ಟೆ ಉರಿಯುತ್ತಿತ್ತು. ಹೊಟ್ಟೆ ಎನ್ನಲು ಬಾರದವನಿಗೂ ಅದು ಅಲ್ಲೇ ಉರಿಯುತ್ತದೆ ಎಂಬುದು ಪದ್ಮನಾಭಯ್ಯನವರಿಗೆ ತಿಳಿಯದು.

ಹೀಗಿರುವಾಗ ಕ್ವಾರ್ಟರ್ಸಿನ ಮಹಿಳಾ ಸಂಘದವರು ಮೈದಾನದಲ್ಲಿ ನಾಯಿಗಳ ಪ್ರದರ್ಶನ ಏರ್ಪಡಿಸಿದರು. ನಾಯಿಯನ್ನು ಪ್ರದರ್ಶನಕ್ಕಿಡುತ್ತಾರೆ ಎಂಬುದೇ ನನಗೆ ಹೊಸದು. ನಮ್ಮೂರಿನಲ್ಲಿ ನಾಯಿಗಳಲ್ಲಿ ಮೂರೇ ಜಾತಿ: ಹೊಲ ಕಾಯುವುದು, ಕುರಿ ಕಾಯುವುದು, ನಮ್ಮ ಊಟ ಮುಗಿಯುವುದನ್ನು ಕಾಯುವುದು. ಮೈಕಿನಲ್ಲಿ ಒಂದೊಂದೇ ನಾಯಿಯನ್ನು ಕೂಗಿ ಕರೆಯುವ ಕೆಲಸಕ್ಕೆ ಮ್ಯಾನೇಜರು ನನ್ನನ್ನು ಆರಿಸಿದರು. ಕಾರಣ, ನಮ್ಮ ಮೈಕು ಯಾವ ಕ್ಷಣದಲ್ಲಾದರೂ ಕೈಕೊಡುವಂಥದ್ದು. ನನ್ನ ಗಂಟಲಾದರೋ ಕೆರೆಯ ಈ ದಡದಲ್ಲಿ ನಿಂತು ಆ ದಡದ ಎಮ್ಮೆಯನ್ನು ವಾಪಸು ಕರೆಸಿದ ಗಂಟಲು.

ಪದ್ಮನಾಭಯ್ಯನವರು ತಡೆಯಲಾರದೆ, "ಸಾರ್, ಇವರ ಬಾಯಿಗೆ ಮೈಕ್ ಕೊಟ್ರೆ ಕಾರ್ಖಾನೆ ಮರ್ಯಾದೆ ಗತಿ ಏನು?" ಎಂದರು.

"ಹಾಗಾದ್ರೆ ನೀವು ಪಕ್ಕದಲ್ಲೇ ಕೂತಿರಿ. ಇವರು ತಪ್ಪಿದ್ರೆ ಮೈಕ್ ತಗೊಂಡು ನೀವೇ ಓದಿ" ಎಂದು ಮ್ಯಾನೇಜರು ತೀರ್ಪು ಕೊಟ್ಟರು.

ಅಲ್ಲಿಗೆ ನನ್ನ ಮಾನ ಬೀದಿಗೆ ಬಂತು. ಪ್ರದರ್ಶನದ ದಿನ ಮುಂದಿನ ಸಾಲಿನಲ್ಲಿ ಕೂರುವವರು ನನ್ನ ಹೆಂಡತಿ ಸರೋಜ, ಅವಳ ಪಕ್ಕದಲ್ಲಿ ಯಶವಂತಪುರದಿಂದ ಬರುವ ಅತ್ತೆ ಮಾವ, ಹಿಂದೆ ಇಡೀ ಕಾಲೊನಿ. ಅಷ್ಟು ಜನರೆದುರು ಕೈಯಿಂದ ಮೈಕು ಕಿತ್ತುಕೊಂಡರೆ ಮರುದಿನ ಯಾವ ಮುಖ ಹೊತ್ತು ಆಫೀಸಿಗೆ ಹೋಗುವುದು? ಸಾಲದ್ದಕ್ಕೆ ಪದ್ಮನಾಭಯ್ಯನವರು ನಗುನಗುತ್ತಾ ನನ್ನ ಮೇಜಿಗೆ ಬಂದು ಒಂದು ಚೀಟಿ ಇಟ್ಟರು. ನಮ್ಮ ಅಮೆರಿಕನ್ ಎಂಜಿನಿಯರರ ಹೆಂಡತಿ ನಾಲ್ಕು ಪುಟಾಣಿ ನಾಯಿಗಳನ್ನು ತರುತ್ತಾರಂತೆ, ಅವುಗಳ ಜಾತಿಯ ಹೆಸರು ಇಂಗ್ಲಿಷಿನಲ್ಲಿತ್ತು. ಅಕ್ಷರ ಕೂಡಿಸಿಕೊಂಡು ಓದಿದೆ: ಚಿಹುವಾಹುವಾ. ಒಂದಲ್ಲ, ಎರಡು ಹಕಾರ! ಲೋಕದಲ್ಲಿ ಇಷ್ಟೊಂದು ನಾಯಿಗಳಿರುವಾಗ ಆಯಮ್ಮನಿಗೆ ಇದೇ ಬೇಕಿತ್ತೇ?

ಸರೋಜ ಪ್ರೈಮರಿ ಶಾಲೆಯ ಮೇಡಂ. ನನ್ನ ಸಂಕಟ ಕೇಳಿ, "ಯೋಚ್ನೆ ಮಾಡ್ಬೇಡಿ ರೀ, ನಾನ್ ಹೇಳ್ಕೊಡ್ತೀನಿ" ಎಂದು ಬೆತ್ತ ಒಂದನ್ನು ಬಿಟ್ಟು ಮಿಕ್ಕೆಲ್ಲ ಸಿದ್ಧತೆಯೊಂದಿಗೆ ಕೂತಳು. ಹಕಾರ ಹೊಟ್ಟೆಯಿಂದ ಬರಬೇಕಂತೆ. ನಾನು ಹೊಟ್ಟೆ ಹಿಡಿದುಕೊಂಡು ಹಾ ಹೂ ಎಂದು ಅಭ್ಯಾಸ ಮಾಡಿದರೆ ಪಕ್ಕದ ಮನೆಯವರು ಶುಂಠಿ ಕಷಾಯ ತಂದುಕೊಟ್ಟರು. ಕೊನೆಗೆ ಹಕಾರ ಬಂತು. ಆದರೆ ಬಂದದ್ದು ಕರೆದ ಕಡೆಗಲ್ಲ, ಕರೆಯದ ಕಡೆಗೆಲ್ಲ. "ಸರೋಜಾ, ಹಕ್ಕಿ ತೊಳೆದು ಹನ್ನಕ್ಕಿಟ್ಟೆಯಾ?" ಎಂದು ಕೇಳತೊಡಗಿದೆ. ಪ್ರದರ್ಶನದ ಸ್ವಾಗತ ಭಾಷಣದಲ್ಲಿ "ಆದರದಿಂದ ಬರಮಾಡಿಕೊಳ್ಳುತ್ತೇವೆ" ಎಂಬ ವಾಕ್ಯವಿತ್ತು. ನಾನು ಅದನ್ನು ಒಂದೇ ಸಲ ಓದಿದ್ದು. ಸರೋಜ ಕಿವಿ ಮುಚ್ಚಿಕೊಂಡು ಓಡಿಬಂದು ಆ ವಾಕ್ಯವನ್ನೇ ಹೊಡೆದುಹಾಕಿದಳು. ಕಾರಣವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪ್ರದರ್ಶನದ ದಿನ ಅಲ್ಸೇಷಿಯನ್ನು, ಪಾಮರೇನಿಯನ್ನುಗಳನ್ನೆಲ್ಲ ಹೇಗೋ ದಾಟಿಸಿದೆ. ಮುಂದಿನ ಚೀಟಿ ಎರಡು ಹಕಾರದ್ದು. ನಾನಿನ್ನೂ ಉಸಿರು ಎಳೆದುಕೊಳ್ಳುತ್ತಿದ್ದೆ, ತಪ್ಪುವುದಕ್ಕೂ ಅವಕಾಶ ಕೊಡದೆ ಪದ್ಮನಾಭಯ್ಯನವರು ಮೈಕು ಕಿತ್ತುಕೊಂಡರು. ಎದೆ ಸೆಟೆಸಿ, ಹೊಟ್ಟೆಯ ಆಳದಿಂದ, "ಚಿ-ಹು-ಹಾ-ಹು-ಹಾ!" ಎಂದರು.

ಯಾರೂ ಏಳಲಿಲ್ಲ. ಅಮೆರಿಕನ್ ಮೇಡಂ ನಾಲ್ಕು ನಾಯಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು, ಇವರು ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ಆರಾಮವಾಗಿ ಕೂತಿದ್ದರು. ಪದ್ಮನಾಭಯ್ಯನವರು ಇನ್ನೂ ಎರಡು ಹಕಾರ ಸೇರಿಸಿ ಮತ್ತೆ ಕೂಗಿದರು. ಮಕ್ಕಳು ಹಾಹೂಹಾ ಎಂದು ಕುಣಿದರು. ಮೂರನೆಯ ಸಲಕ್ಕೆ ಮೈಕು ಕೀರಲು ಸದ್ದು ಮಾಡಿ ಸತ್ತೇಹೋಯಿತು.

"ರೀ, ನೀವು ಕೂಗ್ರೀ!" ಎಂದು ಮ್ಯಾನೇಜರು ನನ್ನತ್ತ ಕೈಬೀಸಿದರು.

ನನಗೆ ಆ ಗಾಬರಿಯಲ್ಲಿ ಸರೋಜಳ ಪಾಠವೂ ಮರೆಯಿತು, ಹೊಟ್ಟೆಯೂ ಮರೆಯಿತು. ಕೆರೆಯ ದಡದಲ್ಲಿ ನಿಂತವನಂತೆ ಎರಡೂ ಕೈ ಬಾಯಿಗೆ ಅಡ್ಡ ಹಿಡಿದು, ಹುಟ್ಟಿದಾಗಿನಿಂದ ಬಂದ ನಾಲಗೆಯಲ್ಲೇ ಕೂಗಿಬಿಟ್ಟೆ: "ಚಿವಾವಾ!"

ಮೇಡಂ ಧಡಕ್ಕನೆ ಎದ್ದರು. ನಾಯಿಗಳ ಬುಟ್ಟಿ ಎತ್ತಿಕೊಂಡು ನಡುಮೈದಾನಕ್ಕೆ ಬಂದವರೇ ನೇರ ನನ್ನ ಕೈಕುಲುಕಿದರು. ಅವರು ಮೆಕ್ಸಿಕೊ ಗಡಿಯ ಕಡೆಯವರಂತೆ. ಅಲ್ಲಿನ ಸ್ಪ್ಯಾನಿಷ್ ಭಾಷೆಯಲ್ಲಿ ಈ ಹಕಾರವನ್ನು ಬರೆಯುವುದೇ ಹೊರತು ಉಚ್ಚರಿಸುವುದಿಲ್ಲವಂತೆ. ಈ ಊರಿಗೆ ಬಂದ ಮೇಲೆ ತಮ್ಮ ನಾಯಿಯ ಹೆಸರನ್ನು ಸರಿಯಾಗಿ ಹೇಳಿದ ಮೊದಲ ಮನುಷ್ಯ ನಾನೇ ಎಂದರು. ಸ್ಪ್ಯಾನಿಷ್ ಎಲ್ಲಿ ಕಲಿತಿರಿ ಎಂದು ಕೇಳಿದರು.

"ಎಬ್ಬಾಳ, ಮೇಡಂ" ಎಂದೆ.

ಅದು ಸ್ಪೇನ್ ದೇಶದ ಯಾವುದೋ ಊರಿರಬೇಕೆಂದು ಅವರು ಗೌರವದಿಂದ ತಲೆದೂಗಿದರು. ನನಗಾದ ಸಂತೋಷ ಹೇಳತೀರದು. ಸಮುದ್ರದಾಚೆ ದೇಶಕ್ಕೆ ದೇಶವೇ ನಮ್ಮ ಕೇರಿಯವರಂತೆ ಮಾತಾಡುತ್ತದೆ! ಆಮೇಲೆ ನನ್ನ ಬಾಯಿ ಹಿಡಿಯುವವರು ಯಾರು? ಮೇಡಂ ಒಂದೊಂದೇ ನಾಯಿಯನ್ನು ಎತ್ತಿ ಹಿಡಿದು ವಿವರಿಸಿದರು, ನಾನು ಜನಕ್ಕೆ ಸಾರಿದೆ. ಚಿವಾವಾಗಳಲ್ಲಿ ಕೂದಲಿನ ಲೆಕ್ಕದಲ್ಲಿ ಎರಡು ಬಗೆ: ಹುರಿಗಡಲೆಯಂತೆ ನುಣ್ಣಗಿರುವುದು ಒಂದು, ಕಿವಿಯಿಂದ ಬಾಲದವರೆಗೆ ಕುಚ್ಚು ಇಳಿಬಿಟ್ಟದ್ದು ಇನ್ನೊಂದು. ತಲೆಯ ಲೆಕ್ಕದಲ್ಲಿ ಮತ್ತೆರಡು: ಸೇಬಿನಂತೆ ಉರುಟಾದ ತಲೆಯದು, ಜಿಂಕೆಯಂತೆ ಮೂತಿ ನೀಡಿದ್ದು. ಬಣ್ಣಕ್ಕಂತೂ ಲೆಕ್ಕವೇ ಇಲ್ಲ. ಕುಚ್ಚಿನದು ಬೇರೆ ಜಾತಿಯಿರಬೇಕೆಂದು ಪದ್ಮನಾಭಯ್ಯನವರು ಗೊಣಗಿದ್ದನ್ನು ನಾನು ಎಲ್ಲರಿಗೂ ಕೇಳುವಂತೆ ತಿದ್ದಿದೆ. ಬೇಲಿಯ ಬಳಿ ನಿಂತಿದ್ದ ರೈತರೊಬ್ಬರು, "ಸೋಮಿ, ಇದು ಕುರಿ ಕಾಯ್ತದಾ, ಇಲ್ಲ ಇದನ್ನೇ ಕುರಿ ಕಾಯ್ಬೇಕಾ?" ಎಂದು ಕೇಳಿದಾಗ ಮೇಡಮ್ಮಿಗೂ ತರ್ಜುಮೆ ಮಾಡಿ ನಗಿಸಿದೆ. ಮಾವನವರು ಅತ್ತೆಯ ಕಡೆ ತಿರುಗಿ, "ನಮ್ಮ ಅಳಿಯ" ಎಂದರಂತೆ. ಮದುವೆಯಾದ ಮೇಲೆ ಅವರು ಹಾಗೆಂದದ್ದು ಅದೇ ಮೊದಲು.

ಸೋಮವಾರ ಆಫೀಸಿನಲ್ಲಿ "ಓಗ್ಬರ್ತೀನಿ ಸಾರ್" ಎಂದೆ, ಬೇಕೆಂದೇ ಎಳೆದು. ಪದ್ಮನಾಭಯ್ಯನವರು ಫೈಲಿನಿಂದ ತಲೆಯೆತ್ತದೆ, "ಹೂಂ" ಎಂದರು.

ಮುಂದಿನ ಭಾನುವಾರ ಊರಿನಿಂದ ಅಮ್ಮ ಬಂದಳು. ಅವಳಿಗೆ ಎಲ್ಲವನ್ನೂ ಬಣ್ಣಕಟ್ಟಿ ವರ್ಣಿಸಿದೆ. ನಮ್ಮ ಮಾತಿನ ಮುಂದೆ ಹಕಾರ ಸೋತದ್ದನ್ನಂತೂ ಎರಡೆರಡು ಸಲ ವಿವರಿಸಿದೆ. ಅಮ್ಮ ಎಲೆ ಅಡಿಕೆ ಮೆಲ್ಲುತ್ತಾ, "ಅದ್ರಲ್ಲೇನೈತೆ ಮಗಾ? ಬಾಯಿಗ್ ಬಂದಂಗೆ ಏಳ್ದೆ, ಸರಿಯಾಯ್ತು" ಎಂದಳು.

"ಏಳ್ದೆ ಅಲ್ಲಮ್ಮ, ಹೇಳಿದೆ!" ಎಂದುಬಿಟ್ಟೆ.

ಹಕಾರ ಸ್ಫಟಿಕದಂತೆ ಬಂದಿತ್ತು. ಅಡುಗೆಮನೆಯಿಂದ ಸರೋಜ ಚಪ್ಪಾಳೆ ತಟ್ಟುತ್ತಾ ಓಡಿಬಂದಳು. ಅಮ್ಮ ಮಾತ್ರ ಗಾಬರಿಯಿಂದ ಎದ್ದು ನನ್ನ ಬೆನ್ನು ನೀವತೊಡಗಿದಳು.

"ಯಾಕ್ ಮಗಾ, ಇಂಗೆ ಏದುಸಿರು ಬಿಡ್ತೀಯಾ? ಒಸಿ ನೀರು ಕುಡಿ."