ಮಾವ ತಂದ ಫೋನು

'ಯಾವುದು ಬೇಕು?' ಅಂತ ಯಾರಾದರೂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಂದೇ ಇದ್ದರೆ ಅದನ್ನೇ ಇಟ್ಟುಕೊಂಡು ಸುಮ್ಮನಿರುವ ಮನುಷ್ಯ ನಾನು. ಹೋಟೆಲಿನಲ್ಲಿ 'ಬನ್ಸಾ, ಗೋಳಿಬಜೆಯಾ?' ಅಂದರೆ ಪಕ್ಕದ ಟೇಬಲಿನ ತಟ್ಟೆ ನೋಡಿ ಬೆರಳು ತೋರಿಸುತ್ತೇನೆ. ಮದುವೆಗೂ ಒಂದೇ ಹೆಣ್ಣು ತೋರಿಸಿದ್ದರು, ಹಾಗಾಗಿ ಬಚಾವಾದೆ. (ನನ್ನ ಹೆಂಡತಿ ಜಲಜ ಇದನ್ನು ಓದುವುದಿಲ್ಲ ಎಂಬ ಧೈರ್ಯದಲ್ಲಿ ಹೇಳುತ್ತಿದ್ದೇನೆ.)

ಇಂಥ ನನಗೆ ಎರಡು ಸಾವಿರದ ಹದಿನಾಲ್ಕರ ದೀಪಾವಳಿ ಕಳೆದ ಮೇಲೆ ಮುಂಬಯಿಯಿಂದ ಕುಷ್ಟ ಮಾವನ ಫೋನ್ ಬಂತು. ಕುಷ್ಟ ಮಾವ ಅಂದರೆ ನನ್ನ ಅಮ್ಮನ ತಮ್ಮ, ಅಲ್ಲಿ ಮೀನಿನ ದೊಡ್ಡ ವ್ಯಾಪಾರ.

"ಲೀಲಾಧರಾ, ಬಪ್ಪ ತಿಂಗ್ಳ್ ಊರಿಗ್ ಬತ್ತೆ. ನಿಂಗೊಂದ್ ದೊಡ್ಡ ಫೋನ್ ತತ್ತೆ ಮಾರಾಯಾ. ಐಫೋನಾ, ಗ್ಯಾಲಕ್ಸಿಯಾ? ಫಟಾಫಟ್ ಹೇಳ್!"

ನನಗೆ ಕುಣಿಯುವಷ್ಟು ಖುಷಿಯಾಯಿತು. ನಾನು ಗಂಗೊಳ್ಳಿ ಬಂದರಿನಲ್ಲಿ ಮೀನಿನ ಹರಾಜು, ನಮ್ಮ ಮಾತಿನಲ್ಲಿ ಏಲಂ, ಕೂಗುವವ. ನನ್ನ ಪಕ್ಕದಲ್ಲೇ ಕೂಗುವ ಚಂದು ಆಗಲೇ ದೊಡ್ಡ ಫೋನ್ ಇಟ್ಟುಕೊಂಡು ಅಂಜಲ್ ಮೀನಿನ ಫೋಟೋ ತೆಗೆದು ಕೇರಳದ ವ್ಯಾಪಾರಿಗಳಿಗೆ ಕಳಿಸುತ್ತಿದ್ದ. ನಾನು ರಬ್ಬರ್ ಬ್ಯಾಂಡ್ ಸುತ್ತಿದ ಬಟನ್ ಫೋನಿನಲ್ಲಿ, "ಮೀನ್ ಇಷ್ಟುದ್ದ ಇತ್ತ್ ಕಾಣಿ" ಅಂತ ಗಾಳಿಯಲ್ಲಿ ಕೈ ಚಾಚಿ ತೋರಿಸುತ್ತಿದ್ದೆ. ಆಚೆಯವರಿಗೆ ಕೈ ಎಲ್ಲಿ ಕಾಣಬೇಕು? ಗಿರಾಕಿಗಳು ಒಬ್ಬೊಬ್ಬರಾಗಿ ಚಂದುವಿನ ಕಡೆ ಜಾರತೊಡಗಿದ್ದರು. ಹಾಗಾಗಿ ಆ ಫೋನ್ ನನಗೆ ಶೋಕಿಯಲ್ಲ, ಸಾಕ್ಷಾತ್ ಅನ್ನಬ್ರಹ್ಮ!

"ಎರ್ಡ್ ದಿನ ಕೊಡಿ ಮಾವ" ಅಂದೆ. ಅಲ್ಲೇ ನಾನು ಕೆಟ್ಟದ್ದು.

ಹೆಮ್ಮಾಡಿಯ ನಮ್ಮ ಮನೆ ಅವತ್ತೇ ಎರಡು ಸಾಮ್ರಾಜ್ಯವಾಗಿ ಒಡೆಯಿತು. ಕಾಲೇಜಿಗೆ ಹೋಗುವ ಮಗಳು ಮೋಕ್ಷಿತಾ ಐಫೋನ್ ಪಕ್ಷ, ಜಲಜ ಗ್ಯಾಲಕ್ಸಿ ಪಕ್ಷ.

"ಐಫೋನ್ ಹಿಡ್ಕಂಡ್ರೆ ಬಂದರಗೆ ನಿಮ್ಗೊಂದ್ ತೂಕ ಬತ್ತ್ ಅಪ್ಪಾ."

"ತೂಕಕ್ಕೆ ತಕ್ಡಿ ಇತ್ತಲೆ! ಗ್ಯಾಲಕ್ಸಿ ಅದ್ಕಿಂತ ದೊಡ್ಡದ್. ದೊಡ್ಡದ್ ಬಿಟ್ಟ್ ಸಣ್ಣದ್ ತಕಂಬವ್ರ್ ಯಾರ್?"

"ಅಮ್ಮಾ, ಅದ್ ಬಂಗ್ಡೆ ಅಲ್ಲ, ಫೋನ್!"

"ಎಂತದೇ ಆಯ್ಲಿ. ಹ್ವಾಯ್, ನೀವ್ ಬಾಯ್ ಬಿಡಿ ಕಾಂಬ. ಏಲಂ ಕೂಗುಕೆ ಬಪ್ಪ ಬಾಯಿ ಮನಿಯಗೆ ಎಂತಕ್ಕ್ ಮುಚ್ಚುದ್?"

ನಾನು ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದೆ. ಆಗ ಮೋಕ್ಷಿತಾ ಬೇರೆ ಪ್ರಶ್ನೆ ತೆಗೆದಳು. "ಅಲ್ಲಪ್ಪಾ, ಮುಂಬಯಿ ಅಜ್ಜನಿಗೆ ಸ್ವಂತ ಮಗ ಇದ್ನಲೆ. ಅವ್ನಿಗ್ ಕೊಡ್ದೆ ನಿಮ್ಗೆ ಎಂತಕ್ಕ್ ಕೊಡುದ್?"

ಇದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇತ್ತು. ಕುರ್ಚಿಯಿಂದ ಎದ್ದು ನಿಂತೇ ಹೇಳಿದೆ. ನಮ್ಮದು ಅಳಿಯಕಟ್ಟು. ಸೊತ್ತು ಅಪ್ಪನಿಂದ ಮಗನಿಗೆ ಇಳಿಯುವುದಲ್ಲ, ಸೋದರಮಾವನಿಂದ ಅಕ್ಕತಂಗಿಯರ ಮಕ್ಕಳಿಗೆ ಇಳಿಯುವುದು. ಸರ್ಕಾರದ ಕಾನೂನು ಏನೇ ಹೇಳಲಿ, ಮಾವನ ಫೋನ್ ಅಳಿಯನ ಹಕ್ಕು! ಭಾಷಣ ಚೆನ್ನಾಗಿಯೇ ಬಂತು. ಜಲಜ ಮಾತ್ರ ಯಾಕೋ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು.

ಕಣ್ಣಾರೆ ನೋಡಿಯೇ ಬಿಡೋಣ ಅಂತ ಮೂವರೂ ಕುಂದಾಪುರದ ಅಂಗಡಿಗೆ ಹೋದೆವು. ಜಲಜ ಎರಡೂ ಫೋನನ್ನು ಎತ್ತಿ, ಹೊಟ್ಟೆ ಒತ್ತಿ, ತಿರುಗಿಸಿ ಕ್ಯಾಮರಾದ ಕಣ್ಣು ಕೆಂಪಾಗಿದೆಯೋ ಅಂತ ನೋಡಿ, ಕಡೆಗೆ ಮೂಗಿಗೆ ಹಿಡಿದಳು. ಅಂಗಡಿಯವನ ಮುಖ ನೋಡಬೇಕಿತ್ತು! "ಇದ್ ಯಾವಾಗ ಬಂದದ್ದ್?" ಅಂತ ಕೇಳಿದಳು. "ಮೊನ್ನೆ ಅಕ್ಕ" ಅಂದ. "ಮೊನ್ನಿದಾ? ಹಾಂಗಾರೆ ಕಮ್ಮಿ ಮಾಡಿ!" ಅಂದಳು. ನಾನು ಮೆಲ್ಲ ಹೊರಗೆ ಬಂದು ಬಸ್ಸಿನ ಬೋರ್ಡು ಓದುತ್ತಾ ನಿಂತೆ.

ಆಮೇಲೆ ನಾನು ಮಾವನಿಗೆ ಮಾಡಿದ ಫೋನುಗಳಿಗೆ ಲೆಕ್ಕವಿಲ್ಲ. ಸೋಮವಾರ ಐಫೋನ್ ಅಂದೆ. ಮಂಗಳವಾರ ಐಸ್ ಪ್ಲಾಂಟಿನವರು ಗ್ಯಾಲಕ್ಸಿ ಒಳ್ಳೇದು ಅಂದರು, ಗ್ಯಾಲಕ್ಸಿ ಅಂದೆ. ಗುರುವಾರ ಬ್ಯಾಂಕಿನ ಮ್ಯಾನೇಜರರ ಕೈಯಲ್ಲಿ ಐಫೋನ್ ಕಂಡಿತು, ಮತ್ತೆ ಐಫೋನ್. ಮಾವ ಮೀಟಿಂಗಿನಲ್ಲಿದ್ದರೂ ಬಿಡಲಿಲ್ಲ, ಶೌಚಾಲಯದಲ್ಲಿದ್ದರೂ ಬಿಡಲಿಲ್ಲ. ತಿಂಗಳ ಕೊನೆಗೆ, ಹದಿನೇಳನೆಯ ಸಲವೋ ಏನೋ, "ಮಾವ, ಎರಡ್ರಗೆ ಕ್ಯಾಮರಾ ಯಾವ್ದ್..." ಅನ್ನುವಷ್ಟರಲ್ಲಿ ಅವರು ಸಿಡಿದರು.

"ಅರೇ ಬಾಬಾ, ಸಾಕ್! ನೀ ಇನ್ನ್ ಫೋನ್ ಮಾಡ್ಬೇಡ. ನಾ ಬಪ್ಪತ್ತಿಗೆ ತತ್ತೆ. ನಾನೇ ನಿಶ್ಚಯ ಮಾಡ್ತೆ."

ಅಬ್ಬ! ತಲೆಯ ಮೇಲಿನ ಐಸ್ ಪೆಟ್ಟಿಗೆ ಇಳಿಸಿದಂತಾಯಿತು. ಯಾವುದಾದರೂ ಆಗಲಿ, ಬಂದರೆ ಸಾಕು. ಬಂದರಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ. ಚಂದುವಿಗೆ ಎರಡು ಸಲ ಹೇಳಿದೆ.

ಮಾವ ಭಾನುವಾರ ಮಧ್ಯಾಹ್ನ ಬಂದರು. ಅವರನ್ನು ನೋಡಲು ತೆಕ್ಕಟ್ಟೆಯಿಂದ ನನ್ನ ತಂಗಿ ವನಜ, ಅವಳ ಮಗಳು ಧನ್ಯಶ್ರೀ ಕೂಡ ಬಂದಿದ್ದರು. ಅಂಜಲ್ ಫ್ರೈ, ಕೋಳಿ, ರೊಟ್ಟಿ ಎಲ್ಲ ಮುಗಿದು ಮಾವ ಬ್ಯಾಗಿಗೆ ಕೈ ಹಾಕಿದರು. ಬಿಳಿ ಪೆಟ್ಟಿಗೆ ಹೊರಗೆ ಬಂತು. ಐಫೋನ್! ನಾನು ಮೂರು ಸಲ ಸೋಪು ಹಾಕಿ ತೊಳೆದ ಕೈಯನ್ನು ಪ್ರಸಾದಕ್ಕೆ ಚಾಚಿದಂತೆ ಚಾಚಿದೆ.

ಮಾವ ನನ್ನ ಕೈಯನ್ನು ದಾಟಿ ಹೋಗಿ ಪೆಟ್ಟಿಗೆಯನ್ನು ಧನ್ಯಶ್ರೀ ಕೈಯಲ್ಲಿಟ್ಟರು.

"ಮಾವ, ಅದ್... ನಂಗಲ್ದಾ?"

"ನಿಂಗೇ ಅಂದ್ಕಂಡಿದ್ದೆ ಮಾರಾಯಾ. ಮತ್ತೆ ಯೋಚ್ನೆ ಮಾಡ್ದೆ. ಅಳಿಯಕಟ್ಟ್ ಅಲ್ದಾ ನಮ್ದ್? ನಿನ್ನ ಸೊತ್ತ್ ಕಡಿಗೆ ಹೋಪ್ದ್ ಯಾರಿಗೆ? ನಿನ್ನ ತಂಗಿ ಮಗ್ಳಿಗೆ. ನೀ ನಿಶ್ಚಯ ಮಾಡುವೊಳ್ಗೆ ಆ ಫೋನೇ ಮುದಿ ಆತ್ತ್. ಮಧ್ಯದಗೆ ನೀ ಎಂತಕ್ಕ್? ಇವ್ಳಿಗೆ ಫೋನ್ ಮಾಡಿ ಕೇಂಡೆ, ಒಂದೇ ಮಾತಗೆ ಹೇಳ್ತ್ ಹುಡ್ಗಿ!"

ವನಜ ನನ್ನ ಕಡೆ ನೋಡಲೇ ಇಲ್ಲ. ನಾನು ಆಸರೆಗೆ ಜಲಜಳ ಕಡೆ ತಿರುಗಿದೆ. "ಕಂಡ್ಯಾ ಅನ್ಯಾಯ? ಸೊತ್ತೆಲ್ಲ ತಂಗಿ ಮಗ್ಳಿಗಾರೆ ನಮ್ಮ ಮೋಕ್ಷಿತಾಗೆ ಎಂತ ಇಲ್ಲ!"

"ಎಂತಕ್ಕಿಲ್ಲ? ಅವ್ಳಿಗೂ ಮಾವ ಇದ್ನಲೆ" ಅಂದಳು ಜಲಜ. "ಬೈಂದೂರಿನ ನನ್ನ ಅಣ್ಣ ಶೇಖರ ಗ್ಯಾಲಕ್ಸಿ ತಂದ್ಕೊಟ್ಟ್ ಒಂದ್ ವಾರ ಆಯ್ತ್. ನೀವ್ ಇನ್ನೂ ಆರಿಸ್ತಾ ಇದ್ರಿ, ಬೇಜಾರ್ ಮಾಡ್ಕಂತ್ರಿ ಅಂದ್ಕಂಡ್ ಅಕ್ಕಿ ಡಬ್ಬಿಯಗೆ ಇಟ್ಟಿದ್ದೆ."

ಮೋಕ್ಷಿತಾ ಅಕ್ಕಿ ಒರೆಸುತ್ತಾ ಅದನ್ನು ತಂದೇಬಿಟ್ಟಳು. ಐಫೋನೂ ಮನೆಯಲ್ಲಿ, ಗ್ಯಾಲಕ್ಸಿಯೂ ಮನೆಯಲ್ಲಿ! ಒಂದು ತಿಂಗಳು ನಿದ್ದೆಗೆಟ್ಟು ಎರಡರ ಜಾತಕ ಬಾಯಿಪಾಠ ಮಾಡಿದವನು ಮಾತ್ರ ಬರಿಗೈ. ಅಳುವೇ ಬಂತು ಅಂದರೆ ನೀವು ನಗುತ್ತೀರಿ, ಆದರೂ ಬಂತು.

ಧನ್ಯಶ್ರೀಗೆ ನನ್ನ ಮುಖ ನೋಡಿ ಪಾಪ ಅನ್ನಿಸಿತೇನೋ. "ಮಾವ, ಮೊದಲ್ನೇ ಫೋಟೋ ನೀವೇ ತೆಗಿನಿ" ಅಂತ ಫೋನನ್ನು ನನ್ನ ಕೈಗೇ ಕೊಟ್ಟಳು. ನನ್ನ ಎದೆ ಉಬ್ಬಿತು. ಎಲ್ಲರನ್ನೂ ಜಗಲಿಯಲ್ಲಿ ಸಾಲಾಗಿ ನಿಲ್ಲಿಸಿ, ನಡುವೆ ಕುಷ್ಟ ಮಾವನನ್ನು ನಿಲ್ಲಿಸಿ, ಹಿಂದೆ ಹೋಗಿ, ಮುಂದೆ ಬಂದು, ಏಲಂ ಕೂಗುವ ದನಿಯಲ್ಲಿ ಒಂದು, ಎರಡು, ಮೂರು ಅಂದು ಒತ್ತಿದೆ.

ಎಲ್ಲರೂ ಓಡಿ ಬಂದು ನೋಡಿದರು. ವನಜ ಚೆನ್ನಾಗಿ ಬಂದಿದ್ದಳು, ಜಲಜ ನಗುತ್ತಿದ್ದಳು, ಮಕ್ಕಳ ಹಲ್ಲು ಕೂಡ ಎಣಿಸಬಹುದಿತ್ತು. ಫೋನ್ ತಂದ ಮಹಾನುಭಾವರ ತಲೆ ಇರಬೇಕಾದ ಜಾಗದಲ್ಲಿ ಮಾತ್ರ ನನ್ನ ಹೆಬ್ಬೆರಳು ಇತ್ತು.