ಪಾಸಾದ ಕನ್ನಡಕಗಳು

ಹೊಸ ಸರ್ಕ್ಯುಲರ್ ಬಂತೆಂದರೆ ನಮ್ಮ ವರ್ಕ್‌ಶಾಪಿನಲ್ಲಿ ವಾರಪೂರ್ತಿ ನಗುವುದಕ್ಕೆ ಬರವಿಲ್ಲ. ಮೈಸೂರಿನಲ್ಲಿ ಬಿ.ಎಸ್ಸಿ. ಮಾಡಿ, ಮೂವರು ಮಕ್ಕಳನ್ನೂ ಅವರಪ್ಪನನ್ನೂ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದಿಟ್ಟುಕೊಂಡೇ ಸಾಕಿದವಳು ನಾನು. ವಿಲ್ಲಿಂಗ್ಡನ್ ಐಲ್ಯಾಂಡಿನ ಈ ಹಡಗು ರಿಪೇರಿ ವರ್ಕ್‌ಶಾಪಿನ ಸ್ಟೋರ್ ರಿಜಿಸ್ಟರೂ ನನ್ನದೇ. ಈ ಸಲದ ಸರ್ಕ್ಯುಲರ್ ಕಣ್ಣಿನದು: ಕಣ್ಣು ಕಾಯುವ ಹಳೆಯ ಗಾಗಲ್ಸ್ ಬಿಸಾಕಿ, ಹೊಸ ಮಾನದಂಡದ್ದನ್ನೇ ಹಾಕಿ.

೧. ನಾಲ್ಕು ಕಣ್ಣು

ಗ್ರೈಂಡಿಂಗ್ ಕೆಲಸದವನ ಕಣ್ಣಿನಿಂದ ಹೋದ ವರ್ಷ ಡಾಕ್ಟರು ಕಬ್ಬಿಣದ ಚೂರು ತೆಗೆದಿದ್ದರು. ಅವನಿಗೆ ಪವರ್ ಕನ್ನಡಕ ಬೇರೆ. ಅಂಥವರಿಗೆ ಅದರ ಮೇಲೆ ಕೂರುವ ಗಾಗಲ್ಸ್ ಕೊಡಬೇಕೆಂದು ಹೊಸ ನಿಯಮ.

ಮ್ಯಾನೇಜರ್ ಓದಿ, "ಅವನಿಗೆ ಆಗಲೇ ಒಂದು ಕನ್ನಡಕ ಇದೆಯಲ್ಲ ಮೇಡಂ? ಇಲ್ಲದವರಿಗೆ ಮೊದಲು ಕೊಡೋಣ" ಎಂದರು.

"ಸರಿ ಸಾರ್. ನಿಮಗೆ ತಲೆ ತುಂಬ ಕೂದಲಿದೆ, ಹೆಲ್ಮೆಟ್ ವಾಪಸ್ ಬರೆದುಕೊಳ್ಳಲೇ?"

೨. ಪಕ್ಷಪಾತವಿಲ್ಲ

ಹನ್ನೆರಡು ಗಾಗಲ್ಸ್ ಬಂದವು. ತಿರುವನಂತಪುರದ ಹೆಡ್ ಆಫೀಸಿನಲ್ಲಿ ಪರೀಕ್ಷೆ ಆಗಲೇಬೇಕೆಂದು ಮ್ಯಾನೇಜರ್ ಹಟ. ಬೆಳಗಿನ ಟ್ರೈನಿಗೆ ನಾನೇ ಹೊತ್ತೊಯ್ದೆ.

ಅಲ್ಲಿನ ಅಧಿಕಾರಿ ಮೇಲಿನಿಂದ ಉಕ್ಕಿನ ಗುಂಡನ್ನು ಲೆನ್ಸಿನ ಮೇಲೆ ಬಿಟ್ಟರು. ಟಣ್! ಒಡೆಯಲಿಲ್ಲ.

"ಒಂದು ನೋಡಿದರೆ ಸಾಕಲ್ಲ ಸಾರ್?"

"ನಮ್ಮಲ್ಲಿ ಪಕ್ಷಪಾತ ಇಲ್ಲ ಚೇಚಿ" ಎಂದು ಮಲಯಾಳದಲ್ಲಿ ನನ್ನನ್ನು ಅಕ್ಕನನ್ನಾಗಿಸಿ, ಹನ್ನೆರಡಕ್ಕೂ ಗುಂಡು ಬಿಟ್ಟರು. ಹನ್ನೆರಡೂ ಪಾಸು. ಸರ್ಟಿಫಿಕೇಟಿನ ಕೆಳಗೆ ಸಣ್ಣಕ್ಷರದಲ್ಲಿತ್ತು: ಪರೀಕ್ಷೆಗೆ ಒಳಗಾದದ್ದನ್ನು ಮತ್ತೆ ಬಳಸಕೂಡದು.

"ಹಾಗಾದರೆ ಹಾಕಿಕೊಳ್ಳುವುದು ಯಾವುದನ್ನು?"

"ಅದು ಬೇರೆ ಸೆಕ್ಷನ್."

೩. ಕೆಳಗೆ ಏನಿದೆ

ಮರುದಿನ ಹಡಗೊಂದು ಬಂದು ನಿಂತಿತ್ತು. ಮ್ಯಾನೇಜರಿಗೆ ಅವಸರ. "ಪಾಸಾಗಿದೆಯಲ್ಲ, ಅದನ್ನೇ ಕೊಟ್ಟು ರಿಜಿಸ್ಟರಿನಲ್ಲಿ ಬರೆದುಬಿಡಿ."

"ಬರೆಯುತ್ತೇನೆ. ಮೊದಲನೆಯದು ನಿಮ್ಮ ಹೆಸರಿಗೆ. ಹಾಕಿಕೊಂಡು ಗ್ರೈಂಡಿಂಗ್ ಚಕ್ರದೆದುರು ಹತ್ತು ನಿಮಿಷ ನಿಲ್ಲಿ ಸಾರ್, ಟೈಮೂ ಬರೆದುಕೊಳ್ಳುತ್ತೇನೆ."

ಅವರಿಗೆ ಇದ್ದಕ್ಕಿದ್ದಂತೆ ಹತ್ತಿರದ ಕಲೂರಿನ ಅಂಗಡಿಯೊಂದು ನೆನಪಾಯಿತು. ಊಟದ ಹೊತ್ತಿಗೆ ಅದೇ ಮಾರ್ಕಿನ ಹೊಸ ಗಾಗಲ್ಸ್ ಬಂದವು. ಗ್ರೈಂಡಿಂಗಿನವನು ಒಂದನ್ನು ತನ್ನ ಪವರ್ ಕನ್ನಡಕದ ಮೇಲೆ ಕೂರಿಸಿ ಪಟ್ಟಿ ಬಿಗಿದ.

"ತಡಿ, ತಡಿ" ಎಂದರು ಮ್ಯಾನೇಜರ್. "ಇವೂ ಪರೀಕ್ಷೆಗೆ ಹೋಗಬೇಕಲ್ಲ?"

ಅವನು ಎರಡೂ ಕೈಯಲ್ಲಿ ಗಾಗಲ್ಸ್ ಅದುಮಿ ಹಿಡಿದು ನನ್ನತ್ತ ತಿರುಗಿದ.

"ಚೇಚಿ, ಹೆಡ್ ಆಫೀಸಿಗೆ ಫೋನ್ ಮಾಡಿ. ಗುಂಡು ಬಿಡುವವರು ಇಲ್ಲಿಗೇ ಬರಲಿ. ಕೆಳಗೆ ನನ್ನ ತಲೆ ಇದೆ ಅಂತ ಮಾತ್ರ ಮೊದಲೇ ಹೇಳಿಬಿಡಿ."