ಹವಳಪ್ಪನ ಇಪ್ಪತ್ತು ಮನೆತನಗಳು

ಆ ದಿನದ ಅನಾಹುತಕ್ಕೆಲ್ಲ ಕಾರಣ ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು.

ಸಂಶೋಧನಾಲಯದ ಉಪ್ಪುನೀರಿನ ತೊಟ್ಟಿಯಲ್ಲಿ ಇಪ್ಪತ್ತು ಜೀವಂತ ಹವಳದ ತುಂಡುಗಳಿದ್ದವು. ಕಡಲು ಕಾದು ಹವಳದ ದಿಬ್ಬವೆಲ್ಲ ಬಿಳುಚಿ ಸತ್ತಾಗ, ದೇವರ ದಯೆಯಿಂದ ಉಳಿದ ಗಟ್ಟಿ ಜೀವಗಳು. ಐದು ವರ್ಷ ಮುಳುಗಿ ಮುಳುಗಿ ಅವನ್ನು ಆಯ್ದು ತಂದ ವಿಜ್ಞಾನಿಯನ್ನು ಎಲ್ಲರೂ ಹವಳಪ್ಪ ಎಂದೇ ಕರೆಯುತ್ತಿದ್ದರು. ಬೇರೆ ಬೇರೆ ಮನೆತನದ ಹವಳಗಳು ಅಕ್ಕಪಕ್ಕ ಇದ್ದರೆ ಮಾತ್ರ ಸಂತಾನ. ಒಂದೇ ಮನೆತನದವು ನೂರು ವರ್ಷ ಜೊತೆಗಿದ್ದರೂ ತೊಟ್ಟಿಲು ತೂಗುವುದಿಲ್ಲ. ಯಾವುದಕ್ಕೆ ಯಾವುದು ಜೋಡಿ ಎಂದು ಪಟ್ಟಿ ಬರೆದು, ಪ್ರತಿಯೊಂದರ ಅಡಿಗೂ ನಂಬರಿನ ಚೀಟಿ ಅಂಟಿಸಿದ್ದ. ಮರುದಿನವೇ ದೋಣಿಯಲ್ಲಿ ಒಯ್ದು ದಿಬ್ಬದ ಮೇಲೆ ನೆಡಬೇಕಿತ್ತು.

ಬೆಳಿಗ್ಗೆ ಬಂದು ನೋಡಿದರೆ ತೊಟ್ಟಿ ಫಳಫಳ! ಕಸ ಗುಡಿಸುವ ಅಕ್ಕ ಬ್ರಷ್ಷು ಹಿಡಿದು ನಗುತ್ತ ನಿಂತಿದ್ದಳು.

"ಪಾಚಿ ಕಟ್ಟಿತ್ತಣ್ಣ. ಜೀವ ಇರೋ ಕಡೆ ಮುಟ್ಟಿಲ್ಲ, ಅಡಿ ಮಾತ್ರ ಉಜ್ಜಿದೀನಿ."

"ಅಡೀಲಿದ್ದ ಚೀಟಿಗಳು?"

"ಅವನ್ನೂ ತೊಳೆದೆ. ಅಗೋ, ಬಟ್ಟಲಲ್ಲಿ ಒಣಗ್ತಾ ಇದಾವೆ."

ಹವಳಪ್ಪನೇ ಬಿಳುಚಿಕೊಂಡ. ಬೈಯಲು ಬಾಯಿ ತೆರೆದವನು, ಅಕ್ಕನ ಕಣ್ಣಲ್ಲಿ ಶಭಾಸ್‌ಗಿರಿಯ ಆಸೆ ಕಂಡು ಮುಚ್ಚಿದ.

ಅಷ್ಟರಲ್ಲಿ ಸುದ್ದಿ ಹಬ್ಬಿ, ಸಾವಿನ ಮನೆಗೆ ಬಂದವರಂತೆ ಎಲ್ಲರೂ ಬಂದರು.

"ಐದು ವರ್ಷ ಸಾಕಿದೀರಿ, ಮುಖ ನೋಡಿದ್ರೆ ಗುರುತು ಸಿಗಲ್ವೇನ್ರಿ?" ಎಂದ ಗುಮಾಸ್ತ. "ತೊಟ್ಟಿಗೆ ಬಂದ ಮೇಲೆ ಬಣ್ಣವೆಲ್ಲ ಬದಲಾಗಿದೆ ಕಣಯ್ಯಾ," ಎಂದ ಹವಳಪ್ಪ.

"ಈ ಕಂದು ಬಣ್ಣದ್ದು ಏಳನೇದು ಕಣಯ್ಯಾ," ಎಂದು ಮೀನಿನ ವಿಜ್ಞಾನಿ ಚೀಟಿ ಅಂಟಿಸಿಯೇಬಿಟ್ಟ. ಗುಮಾಸ್ತ ಅದನ್ನು ಕಿತ್ತು ಪಕ್ಕದ್ದಕ್ಕೆ ಅಂಟಿಸಿದ. ಜಗಳದಲ್ಲಿ ಮೀನಿನವನ ಕನ್ನಡಕ ತೊಟ್ಟಿಗೆ ಬಿತ್ತು. ಅದನ್ನು ತೆಗೆಯಲು ಬಾಗಿದ ಹವಳಪ್ಪ ಹೆಗಲವರೆಗೂ ಒದ್ದೆಯಾದ.

ಒದ್ದೆ ಅಂಗಿಯಲ್ಲೇ, ಇಪ್ಪತ್ತು ಹವಳಗಳಿಂದಲೂ ಒಂದೊಂದು ಚೂರು ಮುರಿದುಕೊಂಡು ಮಹಡಿ ಮೇಲೆ ಓಡಿದ. ವಂಶವಾಹಿ ಪರೀಕ್ಷೆ ಮಾಡುವವಳು ಹುಬ್ಬೇರಿಸಿದಳು. "ಎರಡು ವರ್ಷದಿಂದ ಚೂರು ಕೊಡಿ ಅಂತ ಗೋಗರೆದೆ. 'ಬಣ್ಣ, ಆಕಾರ ನೋಡಿದ್ರೆ ಸಾಕು' ಅಂದ್ರಿ."

"ತಪ್ಪಾಯ್ತು ತಂಗಿ. ಚೀಟಿ ಹಾಳಾಗಿ ಹೋಗ್ಲಿ, ಯಾವುದು ಯಾವುದಕ್ಕೆ ಬೇರೆ ಅಂತ ಹೇಳಿಬಿಡು."

ಸಂಜೆಯವರೆಗೆ ಮೆಟ್ಟಿಲ ಮೇಲೆ ಕೂತು, ಕಡಲು ಕಾಯುವ ದೇವರನ್ನು ನೆನೆದ. ಕೊನೆಗೆ ಬಾಗಿಲು ತೆರೆಯಿತು.

"ಅಣ್ಣಾ, ಅದಲುಬದಲು ಆಗೇ ಇಲ್ಲ."

"ಬದುಕಿಸಿದೆ ತಾಯಿ!"

"ಅದಲುಬದಲಾಗೋಕೆ ಎರಡಾದ್ರೂ ಬೇಕಲ್ಲ? ಇಪ್ಪತ್ತೂ ಒಂದೇ! ಯಾವ ಕಾಲದ್ದೋ ಬಿರುಗಾಳಿಗೆ ಒಂದೇ ಹವಳ ಚೂರುಚೂರಾಗಿ, ಬಿದ್ದಲ್ಲೆಲ್ಲ ಕಚ್ಚಿಕೊಂಡು ಬೆಳೆದಿದೆ. ಬಿಸಿಲಲ್ಲಿ ಬೆಳೆದದ್ದಕ್ಕೆ ಒಂದು ಬಣ್ಣ, ನೆರಳಲ್ಲಿ ಬೆಳೆದದ್ದಕ್ಕೆ ಇನ್ನೊಂದು."

ಐದು ವರ್ಷ ಹವಳಪ್ಪ ಒಂದೇ ಹವಳವನ್ನು ಅದಕ್ಕೇ ಕೊಟ್ಟು ಮದುವೆ ಮಾಡಲು ಓಡಾಡಿದ್ದ.

ಜೇಬಿನಲ್ಲಿ ಫೋನು ಕೂಗಿತು. ದೋಣಿಯವನು. "ಸ್ವಾಮಿ, ನಾಳೆ ಮದುವೆ ದಿಬ್ಬಣ ಎಷ್ಟೊತ್ತಿಗೆ?"

ಹವಳಪ್ಪ ಅಂಗಿಯ ತೋಳು ಹಿಂಡಿಕೊಳ್ಳುತ್ತ ಹೇಳಿದ: "ದಿಬ್ಬಣ ಇಲ್ಲಪ್ಪ. ನಾನೊಬ್ಬನೇ ಬರ್ತೀನಿ, ಇನ್ನೊಂದು ಮನೆತನದ ಹೆಣ್ಣು ನೋಡೋಕೆ."